ಅವರ ಸುದ್ದಿಪೆಟ್ಟಿಗೆ

ಪ್ರತಿಯೊಬ್ಬರಿಗೂ ಒಂದೊಂದು ಸುದ್ದಿಪೆಟ್ಟಿಗೆ ಇತ್ತು. ಅದು ಒಡೆಯನ ರುಚಿ ತಿಳಿದು ಅಂಥ ಸುದ್ದಿಯನ್ನೇ ಆರಿಸಿ ಹೇಳುತ್ತಿತ್ತು. ಮನುಷ್ಯ ತೀರಿಕೊಂಡರೂ ಪೆಟ್ಟಿಗೆಯನ್ನು ಯಾರೂ ಬಂದ್ ಮಾಡುತ್ತಿರಲಿಲ್ಲ.

ಚಂಪವ್ವನ ಬೆಳಗಿನ ಚಹಾ ತೀರಿಹೋದ ಗಂಡನ ಪೆಟ್ಟಿಗೆಯ ಜೊತೆಗೇ. ಅದು ಕುಸ್ತಿಯ ಸುದ್ದಿ ಹೇಳಿದರೆ ಅವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು; ನಡುವೆ ನಾಟಕ ಕಂಪನಿಯ ಸುದ್ದಿ ಬಂದರೆ ಕದಲದೆ ಕೇಳುತ್ತಿದ್ದಳು. ಕೇಳುವವರ ರೂಢಿ ಹಿಡಿಯುವುದು ಪೆಟ್ಟಿಗೆಯ ಗುಣ. ಬರಬರುತ್ತಾ ಕುಸ್ತಿ ಕಡಿಮೆಯಾಯಿತು. ಕೊನೆಗೆ ಒಬ್ಬ ಪೈಲ್ವಾನನ ಹೆಸರೂ ಬಾರದಾದಾಗ, ಗಂಡ ಎರಡನೇ ಸಲ ಹೋದಂತಾಗಿ, ಅವಳು ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಶಬಾನಾಳ ರಿಪೇರಿ ಅಂಗಡಿಗೆ ನಡೆದಳು.

"ನನ್ನ ರೂಢಿ ಎಲ್ಲಾ ಅಳಿಸಿಬಿಡವಾ. ಅವರು ಹೆಂಗ ಬಿಟ್ಟು ಹೋಗಿದ್ರೋ ಹಂಗ ಮಾಡಿಕೊಡು."

ಶಬಾನಾ ಅಳಿಸಿ ಹಚ್ಚಿದಳು. ಮೊದಲಿಗೆ ಬೆಳಗಾವಿಯ ಕುಸ್ತಿ ಬಂತು.

"ಹೂಂ, ಇದು ಅವರದ," ಎಂದಳು ಚಂಪವ್ವ.

ಬೆನ್ನಿಗೇ ಗದಗಿನಲ್ಲಿ ನಾಟಕ ಕಂಪನಿ ಡೇರೆ ಹಾಕಿದ ಸುದ್ದಿ.

"ಇದೊಂದು ನಂದು ಉಳದೈತಿ ನೋಡು."

"ಇಲ್ರೀ ಅವ್ವಾರ, ನಿಮ್ಮದೇನೂ ಉಳಿದಿಲ್ಲ. ಇದು ಯಜಮಾನ್ರು ದಿನಾ ಕೇಳತಿದ್ದದ್ದು."

ನಾಟಕವೆಂದರೆ ಆಕಳಿಸುತ್ತಿದ್ದ ಮನುಷ್ಯ. ಆದರೂ ಬೆಳಗ್ಗೆ ಕಟ್ಟೆಯ ಮೇಲೆ ಒಬ್ಬರೇ ಕೂತು ಪೆಟ್ಟಿಗೆ ಕೇಳಿ, ಒಳಗೆ ಬಂದು ಚಹಾ ಕುಡಿಯುತ್ತಾ, "ಗದಗಿಗೆ ಕಂಪನಿ ಬಂದೈತಂತ, ಹೋಗಿ ಬಾ" ಎನ್ನುತ್ತಿದ್ದರು. ನಿಮಗೆ ಹೇಗೆ ಗೊತ್ತೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಚಂಪವ್ವ ಸ್ಟೂಲು ಎಳೆದುಕೊಂಡು ಕೂತಳು.

"ಆ ಕುಸ್ತಿದ್ದು ಇನ್ನೊಮ್ಮೆ ಹಚ್ಚವಾ," ಎಂದಳು. "ಇವತ್ತು ಪೂರ್ತಿ ಕೇಳತೇನಿ."