ಕೊಟ್ಟ ಕಾಲಾಳು

ಶ್ರಾವಣದ ಅಮಾವಾಸ್ಯೆ. ಅಂದು ನೇಯುವಂತಿಲ್ಲವಾದ್ದರಿಂದ ಮೊಳಕಾಲ್ಮೂರಿನ ಆ ಬೀದಿಯಲ್ಲಿ ಮಗ್ಗ ಒರೆಸುವ, ನೇಕಾರರು ಕಾಲಿಳಿಸಿ ಕೂರುವ ಗುಂಡಿ ಗುಡಿಸುವ ಕೆಲಸ ನಡೆದಿತ್ತು. ಜಂಬುಲಿಂಗಪ್ಪ ಮಾತ್ರ ಮಗ್ಗದ ಹತ್ತಿರ ಸುಳಿಯದೆ ಜಗಲಿಯ ಮೇಲೆ ಚದುರಂಗಕ್ಕೆ ಕೂತಿದ್ದ. ಎದುರಿಗೆ ಪಕ್ಕದ ಮನೆಯ ಸೊಸೆ ಜ್ಯೋತಿಲಕ್ಷ್ಮಿ.

ಒಳಗೆ ಅರ್ಧ ನೇಯ್ದ ಸೀರೆ ಮೂರು ತಿಂಗಳಿಂದ ನಿಂತಿತ್ತು. ಅದರ ಬಲಗಡೆಯ ಅಂಚಿಗೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಲಾಳಿ ಹಿಡಿಯಬೇಕು. ನಲವತ್ತು ವರ್ಷ ಅಲ್ಲಿ ಕೂತಿದ್ದ ಹೆಂಡತಿ ಯರ್ರಮ್ಮ ವೈಶಾಖದಲ್ಲಿ ತೀರಿಕೊಂಡಿದ್ದಳು. ತಾನು ಕೂರುತ್ತೇನೆಂದು ಜ್ಯೋತಿಲಕ್ಷ್ಮಿ ಎರಡು ಸಲ ಹೇಳಿದರೂ ಅವನು ಒಪ್ಪಿರಲಿಲ್ಲ. ನಾಳೆ ಬಂದು ಮಗ್ಗಕ್ಕೆ ಬಿಗಿದ ಹಾಸಿನ ಎಳೆ ಕತ್ತರಿಸಿ ಅರ್ಧ ಸೀರೆಯನ್ನು ಒಯ್ಯಿರೆಂದು, ರೇಷ್ಮೆ ಕೊಟ್ಟು ನೇಯಿಸುತ್ತಿದ್ದ ಮಾಲೀಕರಿಗೆ ಹೇಳಿ ಕಳಿಸಿದ್ದ.

ಅವಳು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದಳು. ಅವನೂ ನಡೆಸಿದ. ಅವಳು ಒಂಟೆಯ ಮುಂದಿನದನ್ನು ತಂದು ಅವನ ಕಾಲಾಳಿನ ಬಾಯಿಗೇ ಇಟ್ಟಳು.

“ಬಿಟ್ಟಿ ಕೊಡಾಕೆ ಬಂದ್ಯಾ ಅಮ್ಮಾಯಿ? ನಂಗೆ ಬ್ಯಾಡ.” ಎಂದಿನಂತೆ ಅವನ ಕೈ ರಾಜನ ಮುಂದಿನ ಕಾಲಾಳಿನತ್ತ ಹೋಯಿತು.

“ತಡೀರಿ ಮಾವ. ಅದನ್ನ ಒಂದು ಮನೆ ಸರಿಸಿದ್ರೆ ಗಟ್ಟಿ ಆಗ್ತೀರಿ, ನಿಜ. ಆದ್ರೆ ನಿಮ್ಮ ಒಂಟೆ ಅದರ ಹಿಂದೆ ಸಿಕ್ಕಾಕ್ಕೊಂಡು ಕೂರ್ತೈತೆ. ಪ್ರತಿ ಅಮಾಸೆ ನೋಡ್ತಾ ಇದೀನಿ, ಆಟ ಮುಗಿದ್ರೂ ಅದು ಹೊಸಲು ದಾಟಲ್ಲ.”

“ತಗಂಡು ಏನ್ ಉದ್ಧಾರ ಆದ ನಿನ್ನ ಗಂಡನ ಅಪ್ಪ? ನಿನ್ನೆದುರು ಹತ್ತು ನಡೆಗೆ ಮಣ್ಣು ಮುಕ್ಕಿದ.”

“ಅವರು ಕೆಟ್ಟಿದ್ದು ತಗಂಡಿದ್ದಕ್ಕಲ್ಲ. ತಗಂಡಿದ್ದನ್ನ ಬಿಡಲ್ಲ ಅಂತ ಕಾಯ್ತಾ ಕೂತ್ರಲ್ಲ, ಅದಕ್ಕೆ. ನಾನು ವಾಪಸ್ ಹೊಡ್ಕಳಾಕೆ ಬಂದೇ ಬರ್ತೀನಿ. ಬರ್ಲಿ ಬಿಡಿ. ಅಷ್ಟರಾಗೆ ನಿಮ್ಮ ಕುದುರೆ, ಒಂಟೆ ಎಲ್ಲಾ ಹೊರಗೆ ಬಂದಿರ್ತಾವೆ.”

ಜಂಬುಲಿಂಗಪ್ಪ ತುಂಬ ಹೊತ್ತು ಹಲಗೆ ನೋಡಿದ. ಕೊನೆಗೆ ಅವಳ ಕಾಲಾಳನ್ನು ಹೊಡೆದ. ನಾಲ್ಕಾರು ನಡೆಗಳಾದ ಮೇಲೆ ಅದಕ್ಕೆ ಬದಲಾಗಿ ಅವಳು ಅವನ ಕಾಲಾಳನ್ನು ಹೊಡೆದಳು. ಅವನು ಅಡ್ಡ ಬರಲಿಲ್ಲ. ಅಷ್ಟರಲ್ಲಿ ಅವನ ಎರಡೂ ಒಂಟೆಗಳು ಬಯಲಿಗೆ ಬಂದಿದ್ದವು. ಬಿಸಿಲು ಜಗಲಿ ಇಳಿಯುವಾಗ ಆಟ ಸಮವಾಯಿತು. ಅವಳೆದುರು ಅವನು ಸೋಲದೆ ಎದ್ದದ್ದು ಅದೇ ಮೊದಲು.

ಎದ್ದವನು ಒಳಗೆ ಹೋಗದೆ ನಿಂತ. “ಆಟದಾಗೆ ತಗಂಡಿದ್ದು ನಾಕು ನಡೆಗೆ ವಾಪಸ್ ಹೋತು. ನೀನು ಮಗ್ಗಕ್ಕೆ ಕೂತ್ರೆ ಆ ಋಣಾನ ನಾನು ಯಾವಾಗ ವಾಪಸ್ ಕೊಡ್ಲಿ? ಎಪ್ಪತ್ತಾತು ನಂಗೆ.”

“ಮೊದ್ಲು ತಗಳ್ರಿ ಮಾವ. ಬೆಳಿಗ್ಗೆ ಏಳಕ್ಕೆ ಬರ್ತೀನಿ.”

ಹಾಸು ಕತ್ತರಿಸಲು ಬಂದವನನ್ನು ಮರುದಿನ ಜಂಬುಲಿಂಗಪ್ಪ ಕಾಫಿ ಕುಡಿಸಿ ಕಳಿಸಿಬಿಟ್ಟ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ಜ್ಯೋತಿಲಕ್ಷ್ಮಿ ಸೆರಗು ಸಿಕ್ಕಿಸಿ ಬಲಗಡೆ ಕೂತಳು.

“ಅಲ್ಲಮ್ಮಾ, ಯಾವಾಗ ಅಂತ ನೀನು ಹೇಳ್ಲೇ ಇಲ್ಲ,” ಎನ್ನುತ್ತ ಸೀರೆಯ ಒಡಲಿನ ಲಾಳಿ ಎಸೆದ. ಅವಳು ಹಿಡಿದು, ಅಂಚಿನ ಎಳೆಗೆ ಕೊಂಡಿ ಹಾಕಿ, ಹಿಂದಕ್ಕೆ ಕಳಿಸಿದಳು. ಅವನು ಮತ್ತೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಲಾಳಿ ಅವನ ಕೈಯಲ್ಲಿತ್ತು.