ರಿಯಾದಿನ ಹುಡುಗನ ಗಿಟಾರ್

ರಿಯಾದಿನ ಹೊಸ ರಾಕ್ ರೇಡಿಯೋ ಇನ್ನೇನು ಶುರುವಾಗಬೇಕು. ಮೊದಲಿಗೆ ಬರಬೇಕಿದ್ದ, ತೀರಿಹೋದ ತಮ್ಮ ಸ್ಯಾಮ್ಸನ್‌ನ ಗಿಟಾರ್ ವಾದನವನ್ನು ಹ್ಯಾಝೆಲ್ ತನ್ನ ಕೈಯಾರೆ ಪಟ್ಟಿಯಿಂದ ತೆಗೆಯುತ್ತಿದ್ದಳು.

“ಸ್ಥಳೀಯರದ್ದೇ ಮೊದಲು ಬರಬೇಕಂತೆ,” ಎಂದರು ಮ್ಯಾನೇಜರ್ ಜಲೀಲ್, ಅವಳ ಮುಖ ನೋಡದೆ.

“ಅವ ಹುಟ್ಟಿದ್ದೇ ಇಲ್ಲಿ, ಜಲೀಲಣ್ಣ. ಮಂಗಳೂರಿಗೆ ಹೋದದ್ದು ಪೆಟ್ಟಿಗೆಯಲ್ಲಿ.”

“ಗೊತ್ತುಂಟು ಮಾರಾಯ್ತಿ. ಇಕಾಮಾ ಪರ್ಮಿಟ್‌ನಲ್ಲಿ ಇರುವವರು ಎಷ್ಟು ವರ್ಷ ಇದ್ರೂ ಹೊರಗಿನವರೇ.”

ಅವಳು ಸೌದಿ ಹುಡುಗನೊಬ್ಬನ ಗಿಟಾರ್ ಹಾಕಿದಳು. ತಂತಿ ಮಿಡಿದದ್ದೇ ತಡ, ಮನೆಯಿಂದ ತಾಯಿ ಕಾರ್ಮೆಲಿನ್ ಫೋನ್ ಮಾಡಿದರು.

“ಬಾಯೆ, ಬಂತು! ನಮ್ಮ ಸ್ಯಾಮ್ಸನ್‌ನದ್ದೇ ಕೈ. ನೂರು ಜನ ಬಾರಿಸಿದ್ರೂ ನನಗೆ ಗೊತ್ತಾಗ್ತದೆ.” ಅವರು ನಗುತ್ತಲೇ ಅಳುತ್ತಿದ್ದರು.

ವಾದನ ಮುಗಿದೊಡನೆ ನಿರೂಪಕ ಆ ಹುಡುಗನ ಹೆಸರು ಹೇಳಲಿದ್ದ.

“ಹೌದು ಮಮ್ಮಿ, ಅವನದ್ದೇ,” ಎಂದಳು ಹ್ಯಾಝೆಲ್. “ಅಳಬೇಡಿ. ಸಾಕು ಈಗ, ರೇಡಿಯೋ ಬಂದ್ ಮಾಡಿ.”