ಅವ್ವ ಕೇಳಿದ ಪ್ರಶ್ನೆ

ಒದ್ದೆ ವಿಭೂತಿಯ ವಾಸನೆ ಬಂದರೆ ಈಗಲೂ ನನಗೆ ಬೆಟಗೇರಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಕನ್ನಡ ನಾಡು ಒಂದಾಯಿತೆಂದು ಓಣಿಯಲ್ಲಿ ಪೇಢೆ ಹಂಚುತ್ತಿದ್ದರು. ಅವ್ವ ಮಾತ್ರ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ತಿಂಗಳ ನನ್ನ ತಮ್ಮ ತೀರಿಕೊಂಡ ಮೇಲೆ ಅವಳು ಮಗ್ಗಕ್ಕೆ ಕೂತಿರಲಿಲ್ಲ, ನನ್ನ ಜಡೆ ಹೆಣೆದಿರಲಿಲ್ಲ.

ಅಜ್ಜಿ ಅವಳ ಹಣೆಗೆ ದಪ್ಪಗೆ ವಿಭೂತಿ ಬಳಿದಳು. "ಲಿಂಗಪೂಜಿ ಬಿಟ್ಟೀದಿ, ಅದಕ್ಕ ಮನಸ್ಸು ಕೆಟ್ಟೈತಿ. ಎದ್ದು ಶಿವಾ ಅನ್ನು, ಎಲ್ಲಾ ಆರಾಮ ಆಗತೈತಿ."

ಅವ್ವ ಎದ್ದು ಕೂತಳು. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ನೀರು, ಹೂವು ಏನೂ ಇರಲಿಲ್ಲ.

"ಕೂಸಿಗಿ ಜ್ವರ ಬಂದಾಗ ಒಂಬತ್ತು ದಿನ ಬೇಡಕೊಂಡ್ನಿ. ನೀ ಎಲ್ಲಿ ಹೋಗಿದ್ದಿ?" ಎಂದು ಲಿಂಗವನ್ನೇ ಕೇಳಿದಳು.

ಅಜ್ಜಿ ಗಾಬರಿಯಾದಳು. "ದೇವರಿಗಿ ಹಂಗ ಅನಬಾರದು. ತಪ್ಪಾತು ಅನ್ನು."

"ಅನ್ನಂಗಿಲ್ರಿ ಅತ್ತಿ. ಅವ ಉತ್ತರ ಕೊಡೂ ತನಕ ದಿನಾ ಕೇಳತೀನಿ. ಇದ ನನ್ನ ಪೂಜಿ."

ಅವಳು ಮಗ್ಗಕ್ಕೆ ಮರಳಲು ಬೇಸಿಗೆಯೇ ಬರಬೇಕಾಯಿತು. ಆದರೆ ಮರುದಿನವೂ ಎದ್ದು ಕೂತಳು, ಅದನ್ನೇ ಕೇಳಿದಳು. ಮೂರನೆಯ ದಿನ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ತನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡು, ನಾನು ಎಂದೂ ಕೇಳಿರದ ಇಬ್ಬರು ಮಕ್ಕಳ ಹೆಸರು ಹೇಳಿದಳು.

"ನಂದೂ ಕೇಳೂದೈತಿ," ಎಂದಳು.